ಅವ್ವನ ಅವ್ವನ ತವರು

ಕ್ಯಾತನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಪುಟ್ಟಗೌರಮ್ಮನ ಗಂಟಲು ಊರಿಗೇ ಗೊತ್ತು. ಅಡುಗೆಮನೆ ಬಾಗಿಲಲ್ಲಿ ನಿಂತು ಅವಳು "ಬನ್ರೋ ಐಕ್ಳಾ" ಎಂದು ಕೂಗಿದರೆ, ಆಚೆ ಗದ್ದೆಯಲ್ಲಿ ಕಬ್ಬಿನ ಸೋಗೆ ಸವರುತ್ತಿದ್ದವರೂ ಮಚ್ಚು ಕೆಳಗಿಟ್ಟು ಬುತ್ತಿ ಬಿಚ್ಚುತ್ತಿದ್ದರು. ಯಾರ ಮುಲಾಜೂ ಇಲ್ಲದ ಹೆಂಗಸು. ತೊಗರಿಬೇಳೆ ಕಡಿಮೆ ಬಂದರೆ ತಂದವನನ್ನೇ ನಿಲ್ಲಿಸಿ ಕೇಳುವವಳು. ಗಂಡ ನಾಗರಾಜು ಮೆತ್ತಗಿನ ಮನುಷ್ಯ. ಎರಡು ಹಸು, ಒಂದಿಷ್ಟು ಕಬ್ಬು, ಸಂಜೆಯ ಡೇರಿ ಕಟ್ಟೆ, ಅವನ ಲೋಕ ಅಷ್ಟೇ.

ಈ ಕಥೆ ಶುರುವಾಗಿದ್ದು ಹೆಳವ ದಾಸಯ್ಯ ಬಂದ ದಿನ. ಮನೆತನಗಳ ತಲೆಮಾರು ಒಪ್ಪಿಸುವುದೇ ಹೆಳವರ ಕಸುಬು. ಅವರಪ್ಪಂದಿರು ಎತ್ತಿನ ಮೇಲೆ ಕೂತು ಬರುತ್ತಿದ್ದರು, ದಾಸಯ್ಯ ಮೊಪೆಡ್ಡಿನಲ್ಲಿ ಬಂದ. ಜಗಲಿ ಮೇಲೆ ಕೂತು ನಾಗರಾಜುವಿನ ವಂಶ ಹೇಳಲು ಹೊರಟ. ಇಂಥ ಸೀಮೆಯಿಂದ ಬಂದವರು, ಇಂಥ ದೇವರ ಒಕ್ಕಲು, ಇಂಥವನ ಮಗ ಇಂಥವನು, ಅವನಿಗೆ ಇಷ್ಟು ಮಕ್ಕಳು ಎಂದು ರಾಗವಾಗಿ ಹೇಳುತ್ತಾ ಹೋದಂತೆ ನಾಗರಾಜುವಿನ ಎದೆ ಉಬ್ಬುತ್ತಾ ಹೋಯಿತು. ಅಕ್ಕಪಕ್ಕದವರೂ ಬಂದು ನಿಂತರು. ಮೊರದ ತುಂಬ ರಾಗಿ ತಂದ ಪುಟ್ಟಗೌರಮ್ಮ ಅದನ್ನು ಅವನ ಚೀಲಕ್ಕೆ ಸುರಿಯದೆ ಹಂಗೇ ಹಿಡಿದುಕೊಂಡು ನಿಂತಳು.

"ಇಷ್ಟೊತ್ತು ಯೋಳ್ದಲ್ಲ ದಾಸಯ್ಯ, ಒಂದಾದ್ರೂ ಹೆಂಗಸ್ರ ಹೆಸ್ರು ಬಂತಾ? ಇವ್ರೆಲ್ಲ ಮರದ ಪೊಟರೇಲಿ ಹುಟ್ಟಿದ್ರಾ?"

ನಿಂತಿದ್ದವರು ನಕ್ಕರು. ದಾಸಯ್ಯ ನಗಲಿಲ್ಲ. ಸೌಮ್ಯವಾಗೇ ಹೇಳಿದ: "ತಾಯೀ, ಹೆಣ್ಮಕ್ಳು ಹೊಳೆ ಇದ್ದಂಗೆ. ಒಂದೂರಲ್ಲಿ ಹುಟ್ಟಿ ಇನ್ನೊಂದೂರಿಗೆ ಹರಿದೋಯ್ತಾರೆ. ನಾವು ಎಲ್ಲಿಗೆ ಅಂತ ಹಿಂಬಾಲಿಸಾನ?"

"ಹೊಳೆಗೂ ಹುಟ್ಟೋ ಜಾಗ ಅಂತ ಒಂದಿರ್ತದೆ ಕಣಯ್ಯ."

"ಇರ್ತದೆ. ಆದ್ರೆ ಅದ್ನ ಹುಡೀಕಂಡು ನೀರಿನ ಎದುರಿಗೆ ನಡೀಬೇಕು. ನಿಮ್ಮವ್ವನ ತವರು, ಅವ್ರವ್ವನ ತವರು ಅಂತ ಒಂದೊಂದೇ ಊರು ಹತ್ಬೇಕು. ನಮ್ಮ ಕೈಲಿ ಆಗ್ನಿಲ್ಲ, ನಿಮ್ಮ ಕೈಲಿ ಆದ್ರೆ ನೋಡಿ."

ಪುಟ್ಟಗೌರಮ್ಮ ರಾಗಿ ಸುರಿದು ಒಳಗೆ ಬಂದಳು. ಮಾತು ಮಾತ್ರ ಒಳಗೇ ಕೂತಿತು. ಅವಳು ಹುಟ್ಟಿದ್ದು ಶ್ರೀರಂಗಪಟ್ಟಣ ತಾಲ್ಲೂಕಿನ ಹೊಳೆದಂಡೆಯ ಊರಲ್ಲಿ. ಅವ್ವ ಸಣ್ಣಮ್ಮ ತೀರಿಕೊಂಡಾಗ ಇವಳಿನ್ನೂ ಲಂಗದ ಹುಡುಗಿ. ಒಡಹುಟ್ಟಿದವರಿಲ್ಲ. ಅಪ್ಪ ಇರುವವರೆಗೆ ಗೌರಿಹಬ್ಬಕ್ಕೆ ತವರಿನ ಬಾಗಿನ ಬರುತ್ತಿತ್ತು, ಅಪ್ಪನ ಜೊತೆ ಅದೂ ಹೋಯಿತು. ಅವ್ವನ ಕಡೆಯವರು 'ಪೇಟೆ' ಕಡೆಯವರು, ಅಂದರೆ ಕೆ.ಆರ್. ಪೇಟೆ ಕಡೆಯವರು ಅನ್ನುವುದೊಂದು ಗೊತ್ತು. ಅವ್ವನ ಅವ್ವನ ಹೆಸರು ಏನು? ಗಂಡನ ಮನೆಯ ಸತ್ತ ಎತ್ತುಗಳ ಹೆಸರು ಸಮೇತ ಗೊತ್ತಿರುವ ತನಗೆ ಅವ್ವನ ಹೆತ್ತವಳ ಹೆಸರು ಗೊತ್ತಿಲ್ಲವಲ್ಲ ಎಂದು ಅವತ್ತು ಅವಳಿಗೆ ಊಟ ಸೇರಲಿಲ್ಲ.

ಸೊಸೆ ದಿವ್ಯ ಪಿಯುಸಿ ಓದಿದವಳು, ಮನೆಯಲ್ಲೇ ಬ್ಲೌಸು ಹೊಲಿಯುವವಳು. ಅತ್ತೆಯ ಮುಖ ನೋಡಿ ಫೋನು ತೆಗೆದಳು. ವಂಶ ಹುಡುಕಿಕೊಡುತ್ತೇವೆ, ಫ್ರೀ ಎಂದು ಒಂದು ಕಡೆ ಬರೆದಿತ್ತು. ಒಳಗೆ ಹೋದರೆ ಬರೀ ಬಿಳಿಯರ ಹೆಸರು, ಅದರ ಮೇಲೆ ಡಾಲರ್ ಕಟ್ಟಿ ಎಂಬ ಪೆಟ್ಟಿಗೆ. ಅದನ್ನು ಮುಚ್ಚಿ ಸರ್ಕಾರದ ಪಹಣಿ ನೋಡಿದರು. ಅದಕ್ಕೆ ಕಾಸು ಬೇಕಿರಲಿಲ್ಲ. ಆದರೆ ಅದರಲ್ಲೂ ಗೌಡ, ಗೌಡ, ಬಿನ್ ಗೌಡ.

"ಇದೂ ಹೆಳವನ ತಮ್ಮನೇ ಬುಡು," ಅಂದಳು ಪುಟ್ಟಗೌರಮ್ಮ. "ಕಾಸಿಲ್ದೆ ಸಿಗೋದು ಅಂದ್ರೆ ಇನ್ನೇನೈತೆ ನಮ್ಗೆ?"

ದಿವ್ಯ ಸೂಜಿಗೆ ದಾರ ಪೋಣಿಸುತ್ತಾ ತಲೆ ಎತ್ತದೆ ಹೇಳಿದಳು. "ಬಸ್ಸೈತಲ್ಲ ಅತ್ತೆ."

ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಊರಿನ ಹೆಂಗಸರು ದೇವಸ್ಥಾನ, ಮದುವೆ, ಆಸ್ಪತ್ರೆ ಅಂತ ಓಡಾಡಿದ್ದರು. ಪುಟ್ಟಗೌರಮ್ಮ ಮಾತ್ರ ಪಾಂಡವಪುರ ಸಂತೆ ದಾಟಿ ಹೋದವಳಲ್ಲ. ಮಾರನೇ ಭಾನುವಾರ ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು, ಆಧಾರ್ ಕಾರ್ಡನ್ನು ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ನಿಂತಾಗ ನಾಗರಾಜು ಕಣ್ಣರಳಿಸಿದ.

"ಎಲ್ಲಿಗ್ ಹೊಂಟೆ?"

"ನಮ್ಮವ್ವನ ತವರ್ಗೆ."

"ನಿಮ್ಮವ್ವ ಸತ್ತು ಕಾಲ ಆಯ್ತು, ತವರು ಎಲ್ಲದೆ ಅಂತ ಹೋದೀಯೆ?"

"ಸತ್ತೋಗಿರೋದು ಅವ್ವ ಕಣ್ರೀ. ಊರು ಸಾಯ್ತದಾ?"

ಪಾಂಡವಪುರದಿಂದ ಚಿನಕುರಳಿ ಮೇಲೆ ಪೇಟೆ. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳಿಗೆ ಊರಿನ ಹೆಸರು ನೆನಪಿಲ್ಲ. ಬಾಲ್ಯದಲ್ಲಿ ಅವ್ವನ ಸೊಂಟದ ಮೇಲೆ ಕೂತು ಹೋದ ದಾರಿಯಲ್ಲಿ ಒಂದು ಕೆರೆ ಏರಿ, ಏರಿ ಇಳಿದರೆ ಎರಡು ಬಂಡೆ ಒಂದರ ಮೇಲೊಂದು ಕೂತಿದ್ದು ಅಷ್ಟೇ ನೆನಪು. ಹೂವು ಮಾರುವವಳನ್ನು ಕೇಳಿದಳು, ತರಕಾರಿಯವಳನ್ನು ಕೇಳಿದಳು. ಗಂಡಸರನ್ನು ಕೇಳಿದರೆ "ಊರೆಸ್ರು ಯೋಳಿ" ಅನ್ನುತ್ತಿದ್ದರು. ಹೆಂಗಸರು ಮಾತ್ರ ಬುಟ್ಟಿ ಬಿಟ್ಟು ಯೋಚಿಸುತ್ತಿದ್ದರು. ಸೊಪ್ಪು ಮಾರುತ್ತಿದ್ದ ಒಬ್ಬಳು, "ಕಲ್ಲಿನ ಮ್ಯಾಲೆ ಕಲ್ಲು ಕುಂತಿರೋದು ಹೊಸಕೊಪ್ಪಲಲ್ಲಿ ಕಣಕ್ಕ. ನಾನೂ ಆ ಕಡೆಗೇ, ನಮ್ಮ ಬಸ್ಸಿಗೇ ಬಾ" ಎಂದಳು. ಮಧ್ಯಾಹ್ನದ ಹೊತ್ತಿಗೆ ಪುಟ್ಟಗೌರಮ್ಮ ಆ ಎರಡು ಬಂಡೆಗಳ ಮುಂದೆ ನಿಂತಿದ್ದಳು. ಬಂಡೆಗಳು ನೆನಪಿಗಿಂತ ಚಿಕ್ಕವಿದ್ದವು.

ಊರಲ್ಲಿ ಅವ್ವನ ಹೆಸರು ಹೇಳಿ ಕೇಳಿದರೆ, ಸಣ್ಣಮ್ಮನ ಚಿಕ್ಕಪ್ಪನ ಮಗ ಚಲುವಯ್ಯ ಇನ್ನೂ ಇದ್ದ. ಕಿವಿ ಮಂದ, ಕಣ್ಣು ಚುರುಕು. ಲೆಕ್ಕಕ್ಕೆ ಸೋದರಮಾವ. "ನಾನು ಸಣ್ಣಮ್ಮನ ಮಗ್ಳು ಮಾವ" ಎಂದು ಕಿವಿ ಹತ್ತಿರ ಕೂಗಿದಾಗ ಮುದುಕ ಅವಳ ಮುಖವನ್ನೇ ನೋಡಿದ. "ಗಂಟಲು ಕೇಳಿದ್ರೆ ಗೊತ್ತಾಗಕ್ಕಿಲ್ವಾ? ನಮ್ಮ ದೊಡ್ಡವ್ವ ಚೌಡವ್ವಂದೇ ಗಂಟಲು. ಕೆರೆ ಈ ಕಡೆ ನಿಂತು ಕೂಗಿದ್ರೆ ಆ ಕಡೆ ದನ ತಿರುಗೋವು."

ಚೌಡವ್ವ. ಅವ್ವನ ಅವ್ವನ ಹೆಸರು ಹಾಗೆ ಸಿಕ್ಕಿತು, ಕೇಳುವ ಮೊದಲೇ.

ಮುದ್ದೆ ಉಂಡು ಕೂತಮೇಲೆ ಚಲುವಯ್ಯ ನೆನಪಿದ್ದಷ್ಟು ಹೇಳಿದ. ಚೌಡವ್ವ ನಾಗಮಂಗಲದ ಆಚೆ ಬೆಳ್ಳೂರು ಸೀಮೆಯ ಹೆಣ್ಣು. ಅವಳ ತಮ್ಮ ಪ್ರತಿ ಗೌರಿಹಬ್ಬಕ್ಕೆ ಮೊರ ಹೊತ್ತು ನಡೆದೇ ಬರುತ್ತಿದ್ದ. ಚೌಡವ್ವ ತೀರಿಕೊಂಡಾಗ ಭಾರಿ ಮಳೆ. ಸುದ್ದಿ ಮುಟ್ಟಿಸಲು ಕಳಿಸಿದ ಆಳು ಹಳ್ಳ ದಾಟಲಾಗದೆ ವಾಪಸು ಬಂದ. ಹೆಣ ಇಟ್ಟುಕೊಳ್ಳುವಂತಿರಲಿಲ್ಲ, ಮಣ್ಣು ಮಾಡಿಬಿಟ್ಟರು. ಆಮೇಲೆ ಬಂದ ತಮ್ಮ ಬಾಗಿಲಲ್ಲೇ ನಿಂತು, 'ಅಕ್ಕನ ಮಣ್ಣಿಗೂ ಕರೀದೋರ ಮನೇಲಿ ನೀರೂ ಕುಡಿಯಕ್ಕಿಲ್ಲ' ಎಂದು ಹೊರಟುಹೋದ. ಮತ್ತೆ ಬರಲಿಲ್ಲ.

"ಊರು ಯಾವ್ದು ಮಾವ?"

"ಅದೇ ಮರ್ತೋಗದೆ ಮಗಾ. ಒಂದು ಮಾತ್ರ ಗ್ಯಪ್ತಿ. ಐಕ್ಳು ನೀರು ಚೆಲ್ಲಿದ್ರೆ ದೊಡ್ಡವ್ವ ಬಯ್ಯೋಳು. 'ಲೇ, ನೀರು ಅಂದ್ರೆ ಏನು ಅಂತ ನಮ್ಮವ್ವನ ಕಟ್ಟೇನ ಕೇಳ್ರೋ' ಅನ್ನೋಳು. ಯಾವ ಕಟ್ಟೆಯೋ ಏನೋ, ನಾವ್ ಕೇಳ್ನಿಲ್ಲ."

ಕಟ್ಟೆ ಅಂದರೆ ದನಕರು ನೀರು ಕುಡಿಯುವ ಸಣ್ಣ ಕೆರೆ. ನಾಗಮಂಗಲದ ಕಡೆ ಅಂಥವು ಊರಿಗೆರಡು. ಅವ್ವನ ಕಟ್ಟೆ ಎಂದರೆ ಅವ್ವನ ಊರಿನ ಕಟ್ಟೆ ಇರಬಹುದು ಎಂದುಕೊಂಡು ಪುಟ್ಟಗೌರಮ್ಮ ಸಂಜೆ ಬಸ್ಸು ಹತ್ತಿದಳು. ಕೈಯಲ್ಲಿ ಚಲುವಯ್ಯನ ಸೊಸೆ ಕಟ್ಟಿಕೊಟ್ಟ ಮಡ್ಲಕ್ಕಿಯ ಗಂಟಿತ್ತು. ಮಗಳು ತವರಿಂದ ಹೋಗುವಾಗ ಮಡಿಲಿಗೆ ಹಾಕುವ ಅಕ್ಕಿ. ಅವಳ ಮಡಿಲಿಗೆ ಅದು ಬಿದ್ದು ಎಷ್ಟೋ ವರ್ಷವಾಗಿತ್ತು. ಬಸ್ಸಿನಲ್ಲಿ ಅಕ್ಕಪಕ್ಕದವರಿಗೆಲ್ಲ ಗಂಟು ತೋರಿಸಿ, "ತವರಿಂದು" ಎಂದು ಹೇಳಿಕೊಂಡು ಬಂದಳು.

ದಸರಾ ರಜೆ ಬಂತು. ಶಾಲೆ ಒಲೆ ಆರಿತು. ಪುಟ್ಟಗೌರಮ್ಮ ಈ ಸಲ ನಾಗಮಂಗಲ ದಾಟಿ ಬೆಳ್ಳೂರಿಗೆ ಹೋದಳು. ಕ್ರಾಸಿನಲ್ಲಿ ಇಳಿದರೆ ಹೋಟೆಲು, ಲಾರಿ, ಹಾಸನದ ಬಸ್ಸು, ಬೆಂಗಳೂರಿನ ಕಾರು. ಯಾರಿಗೂ ನಿಲ್ಲಲು ಪುರಸೊತ್ತಿಲ್ಲ. ಟೀ ಅಂಗಡಿಯವನು, "ಅಮ್ಮೋರೆ, ಅವ್ವನ ಕಟ್ಟೆ ಅಂತ ಯಾವ್ದೂ ಇಲ್ಲ" ಅಂದುಬಿಟ್ಟ. ಅವಳಿಗೆ ಪೇಟೆಯ ಪಾಠ ನೆನಪಾಯಿತು. ಗಂಡಸರನ್ನು ಬಿಟ್ಟು ಹೆಂಗಸರು ಹೆಚ್ಚು ಕೂರುವ ಜಾಗ ಯಾವುದು ಎಂದು ನೋಡುತ್ತಾ ಬೆಳ್ಳೂರಿನ ಬೀದಿಯಲ್ಲಿ ನಡೆದಳು. ಬಳೆ ಅಂಗಡಿ ಕಂಡಿತು.

ಅಂಗಡಿಯಲ್ಲಿ ಕೂತಿದ್ದವಳು ದಿಲ್ಷಾದ್, ಹೆಚ್ಚುಕಡಿಮೆ ಪುಟ್ಟಗೌರಮ್ಮನ ವಯಸ್ಸೇ. ತಲೆ ಮೇಲೆ ಸೆರಗು, ಮೂಗಿನ ಮೇಲೆ ಕನ್ನಡಕ. ಪುಟ್ಟಗೌರಮ್ಮ ಬಳೆಗೆ ಕೈ ಕೊಟ್ಟು ಕೂತು ವಿಷಯ ಹೇಳಿದಳು. ದಿಲ್ಷಾದ್ ಹಸಿರು ಬಳೆಯನ್ನು ಬೆರಳ ಗಂಟಿನ ಮೇಲೆ ನಾಜೂಕಾಗಿ ಹತ್ತಿಸುತ್ತಾ ಕೇಳಿಸಿಕೊಂಡು ಹೇಳಿದಳು.

"ನಮ್ಮ ಮಾವ ತಲೆ ಮೇಲೆ ಬಳೆ ಮಲಾರ ಹೊತ್ಕೊಂಡು ಊರೂರು ಸುತ್ತಿದೋರು. ಮದ್ವೆ ಆದ ಹೊಸ್ದ್ರಲ್ಲಿ ನಾನೂ ಜೊತೆಗೆ ಹೋಯ್ತಿದ್ದೆ. ಕೈ ಹಿಡ್ಕಂಡ್ರೆ ಹೆಂಗಸ್ರು ಮೊದ್ಲು ಹೇಳೋದೇ ತವರಿನ ಸುದ್ದಿ. ಅದ್ರಲ್ಲಿ ಎಷ್ಟು ಮರ್ತಿದೀನೋ ಅಲ್ಲಾನೇ ಬಲ್ಲ." ಆಮೇಲೆ ಕೈ ನಿಲ್ಲಿಸಿದಳು. "ತಡೀರಿ ಅಕ್ಕಾ. ನಿಮ್ಮಜ್ಜಿ 'ನಮ್ಮವ್ವನ ಊರಿನ ಕಟ್ಟೆ' ಅಂದ್ರಾ, 'ನಮ್ಮವ್ವನ ಕಟ್ಟೆ' ಅಂದ್ರಾ?"

"ನಮ್ಮವ್ವನ ಕಟ್ಟೆ."

"ಅಂಗಾದ್ರೆ ಅವ್ವಾನೇ ಕಟ್ಟಿಸಿರ್ಬೇಕಲ್ವಾ? ಹೆಂಗಸು ಕಟ್ಟಿಸಿದ ಕಟ್ಟೆ ಈ ಕಡೆ ನಂಗೊತ್ತಿರೋದು ಒಂದೇ. ಮಲ್ಲಾಜಮ್ಮನ ಕಟ್ಟೆ. ತಿಟ್ಟಿನಹಳ್ಳಿ ಹತ್ರ. ಬಸ್ ಸ್ಟೇಜೇ ಐತೆ ಆ ಹೆಸರಲ್ಲಿ."

ಪುಟ್ಟಗೌರಮ್ಮನಿಗೆ ಉಳಿದ ಬಳೆ ಹಾಕಿಸಿಕೊಳ್ಳುವಷ್ಟು ತಾಳ್ಮೆಯೂ ಉಳಿಯಲಿಲ್ಲ. ಒಂದು ಕೈಗೆ ತುಂಬ ಬಳೆ, ಇನ್ನೊಂದು ಕೈ ಹಾಗೇ. "ಬಂದು ಹಾಕಿಸ್ಕೊತೀನಿ" ಎಂದು ಎದ್ದೇಬಿಟ್ಟಳು. ದಿಲ್ಷಾದ್ ಹಿಂದಿನಿಂದ, "ಮೂರು ಗಂಟೆ ಬಸ್ಸು, ಬೋರ್ಡು ನೋಡಿ ಹತ್ತಿ ಅಕ್ಕಾ" ಎಂದು ಕೂಗಿದಳು.

ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗಮ್ಮ?" ಎಂದ. ತನ್ನದೋ ಅಲ್ಲವೋ ಗೊತ್ತಿಲ್ಲದ ಹೆಸರು. ಮೆಲ್ಲಗೆ, "ಮಲ್ಲಾಜಮ್ಮನ ಕಟ್ಟೆ" ಎಂದಳು. ಮಿಷನ್ನು ಸರಕ್ಕನೆ ಸೊನ್ನೆ ರೂಪಾಯಿಯ ಟಿಕೆಟ್ಟು ಉಗುಳಿತು.

ಸ್ಟೇಜಿನಲ್ಲಿ ಇಳಿದವಳು ಇವಳೊಬ್ಬಳೇ. ರಸ್ತೆ ಪಕ್ಕಕ್ಕೇ ಕಟ್ಟೆ. ಮುಂಗಾರು ಚೆನ್ನಾಗಿ ಆಗಿತ್ತು, ನೀರು ತುಂಬಿತ್ತು. ಏರಿಯ ಮೇಲೆ ಹೊಂಗೆ ಮರಗಳು. ಎಮ್ಮೆಗಳು ಕತ್ತಿನವರೆಗೆ ಮುಳುಗಿ ಕಣ್ಣು ಮುಚ್ಚಿದ್ದವು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಇವಳ ಒಂದು ಕೈಯ ಬಳೆ ನೋಡಿ ನಕ್ಕು, ಊರೊಳಗೆ ಬೈರಮ್ಮನ ಮನೆ ತೋರಿಸಿದರು. "ಕಟ್ಟೆ ಮನೆಯೋರು ಅಂದ್ರೆ ಅವರೇ" ಎಂದರು.

ಬೈರಮ್ಮ ಹಣ್ಣು ಮುದುಕಿ. ಜಗಲಿಯಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಮಗ ಚಿಕ್ಕಸ್ವಾಮಿ ಟ್ರಾಕ್ಟರಿನ ಯಾವುದೋ ಸಾಮಾನು ಒರೆಸುತ್ತಾ ಕೂತಿದ್ದ. ಪುಟ್ಟಗೌರಮ್ಮ ಸುತ್ತಿಬಳಸಿ ಹೇಳುವವಳಲ್ಲ.

"ಅವ್ವಾ, ಈ ಮನೆ ಹೆಣ್ಮಗ್ಳು ಚೌಡವ್ವ ಅನ್ನೋರ್ನ ಪೇಟೆ ಕಡೆಗೆ ಕೊಟ್ಟಿದ್ರಾ?"

ಅಲಸಂದೆಕಾಯಿ ಕೈಯಲ್ಲೇ ಉಳಿಯಿತು. ಮುದುಕಿ ತಲೆ ಎತ್ತಿದಳು. "ಯಾರವ್ವ ನೀನು?"

"ಚೌಡವ್ವನ ಮಗ್ಳ ಮಗ್ಳು."

"ನಮ್ಮತ್ತೆ ಮಾವಂದಿರು ಬಾಯಲ್ಲಿ ಆ ಹೆಸ್ರು ತಂದ್ರೆ ಕಣ್ಣೀರು ಹಾಕೋರು," ಅಂದಳು ಬೈರಮ್ಮ. "ಚೌಡವ್ವ ನಮ್ಮ ಮಾವ ಮರೀಗೌಡನ ಸ್ವಂತ ಅಕ್ಕ. ಆದ್ರೂ ಆ ಜನ ಮಣ್ಣಿಗೆ ಕರೀನಿಲ್ವಲ್ಲ."

ಆಗ ಪುಟ್ಟಗೌರಮ್ಮ ಮಳೆಯ ಕಥೆ ಹೇಳಿದಳು. ಹಳ್ಳ ತುಂಬಿದ್ದು, ಆಳು ಅರ್ಧ ದಾರಿಯಿಂದ ಹಿಂದಕ್ಕೆ ಬಂದಿದ್ದು, ಚಲುವಯ್ಯ ಹೇಳಿದ್ದನ್ನೆಲ್ಲ ಹೇಳಿದಳು. ಬೈರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು. "ಅಯ್ಯೋ ಶಿವನೆ, ಮಳೆ ಮಾಡಿದ ಕೆಲ್ಸಕ್ಕೆ ಮನುಷ್ಯರ ಮ್ಯಾಲೆ ಮುನಿಸ್ಕಂಡ್ವಲ್ಲ," ಎಂದಳು. ಆಮೇಲೆ ಎದ್ದು ಬಂದು ಪುಟ್ಟಗೌರಮ್ಮನ ಗದ್ದ ಹಿಡಿದಳು. "ಲೆಕ್ಕಕ್ಕೆ ನಾನು ನಿಂಗೆ ದೊಡ್ಡವ್ವ ಆಯ್ತೀನಿ ಕಣಮ್ಮಿ. ಇವ್ನು ನಿನ್ನ ತಮ್ಮ. ಲೇ ಚಿಕ್ಕಸ್ವಾಮಿ, ಏಳ್ಲಾ, ಅಕ್ಕಂಗೆ ಕಾಲಿಗೆ ನೀರು ಕೊಡು."

ಚಿಕ್ಕಸ್ವಾಮಿ ಎಣ್ಣೆ ಕೈಯಲ್ಲೇ ಎದ್ದು ನಿಂತ.

ಅವತ್ತು ಸಂಜೆ ಕಟ್ಟೆ ಏರಿಯ ಮೇಲೆ ಕೂತು ಬೈರಮ್ಮ ಹೇಳಿದ್ದನ್ನು ಪುಟ್ಟಗೌರಮ್ಮ ಈಗಲೂ ಒಂದು ಮಾತೂ ಬಿಡದೆ ಹೇಳುತ್ತಾಳೆ. ಮಲ್ಲಾಜಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡವಳು. ಮಗಳು ಚೌಡಿ, ಮಗ ಮರಿ, ಇಬ್ಬರು ಮಕ್ಕಳು. ಊರಿನ ದನ ನೀರಿಗೆ ದೂರದ ಹಳ್ಳಕ್ಕೆ ಹೋಗಬೇಕಿತ್ತು. ಬೇಸಿಗೆಯಲ್ಲಿ ಕರುಗಳು ದಾರಿಯಲ್ಲೇ ಬೀಳುತ್ತಿದ್ದವು. ನೀರು ನಿಲ್ಲುವ ತಗ್ಗು ಇದ್ದಿದ್ದು ಅವಳ ಪಾಲಿನ ಹೊಲದಲ್ಲಿ. ಊರ ಗೌಡರನ್ನು ಕೇಳಿದರೆ ನೋಡಾನ, ನೋಡಾನ ಅಂದರು. ಅವಳು ನೋಡುತ್ತಾ ಕೂರಲಿಲ್ಲ. ಒಂದು ಬೆಳಿಗ್ಗೆ ತಾನೇ ಗುದ್ದಲಿ ಹಿಡಿದು ಹೊಲಕ್ಕಿಳಿದಳು. ಗಂಡಸರು, ತಿನ್ನೋ ಹೊಲ ಮುಳುಗಿಸ್ತಾವ್ಳೆ, ಇವಳಿಗೆ ತಲೆ ಕೆಟ್ಟಿದೆ ಎಂದರು. ಮೊದಲು ಅವಳ ಮಕ್ಕಳು ಮಣ್ಣು ಹೊತ್ತರು, ಆಮೇಲೆ ಓರಗಿತ್ತಿಯರು, ಆಮೇಲೆ ಊರ ಹೆಂಗಸರೆಲ್ಲ ಮನೆಗೊಂದು ಮಂಕರಿ ಹೊತ್ತರು. ಗಂಡಸರು ಬಂದಿದ್ದು ಕೊನೆಗೆ, ತೂಬಿನ ಕಲ್ಲು ಎತ್ತಲು.

"ಇಲ್ಲಿ ಹೆಸ್ರು ಕೆತ್ತಿದ ಕಲ್ಲಿಲ್ಲ, ಬರಹ ಇಲ್ಲ," ಅಂದಳು ಬೈರಮ್ಮ. "ಆದ್ರೆ ಹಾದಿಹೋಕರು ಮಲ್ಲಾಜಮ್ಮನ ಕಟ್ಟೆ ಅಂದ್ರು. ಆಮೇಲೆ ಬಸ್ಸು ಬಂತು, ಬಸ್ಸೋರೂ ಅಂಗೇ ಅಂದ್ರು."

ಇನ್ನೊಂದು ಮಾತನ್ನೂ ಹೇಳಿದಳು. ಪೇಟೆಯಿಂದ ಮುನಿಸಿಕೊಂಡು ಬಂದ ಮರೀಗೌಡ ಬಾಗಿನ ಕೊಡುವುದನ್ನು ನಿಲ್ಲಿಸಿರಲಿಲ್ಲ. ಪ್ರತಿ ಗೌರಿಹಬ್ಬಕ್ಕೆ ಅಕ್ಕನ ಹೆಸರಲ್ಲಿ ಜೊತೆ ಮೊರ ತಂದು ಈ ಕಟ್ಟೆಯ ನೀರಿಗೆ ಒಪ್ಪಿಸುತ್ತಿದ್ದ. ಅವನ ನಂತರ ಮಗ, ಅಂದರೆ ಬೈರಮ್ಮನ ಗಂಡ, ಈಗ ಚಿಕ್ಕಸ್ವಾಮಿ. ಊರವರು ಗಂಗೆಗೆ ಕೊಡುವ ಬಾಗಿನ ಅಂದುಕೊಂಡಿದ್ದಾರೆ. ಚಿಕ್ಕಸ್ವಾಮಿಯೂ ಹಾಗೇ ತಿಳಿದಿದ್ದ. ಅವನು ಬಾಯಿ ಬಿಟ್ಟುಕೊಂಡು ಅವ್ವನನ್ನು ನೋಡಿದ. "ಇಷ್ಟ್ ವರ್ಷ ಅಕ್ಕನ ಬಾಗಿನಾನ ನೀರಿಗೆ ಬುಟ್ನೇನವ್ವ ನಾನು?"

ಪುಟ್ಟಗೌರಮ್ಮ ಕಟ್ಟೆಗೆ ಇಳಿದು, ಬೊಗಸೆ ನೀರೆತ್ತಿ ಕಣ್ಣಿಗೊತ್ತಿಕೊಂಡಳು. ಅತ್ತಳು ಅಂತ ಬೈರಮ್ಮ ಹೇಳುತ್ತಾಳೆ. ಮುಖ ತೊಳೆದೆ ಅಷ್ಟೇ ಅಂತ ಪುಟ್ಟಗೌರಮ್ಮ ಹೇಳುತ್ತಾಳೆ.

ಮಾರನೇ ದಿನ ಬೆಳಿಗ್ಗೆ ವಾಪಸು ಹೊರಟಾಗ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಿಂದ, "ಮಲ್ಲಾಜಮ್ಮನ್ ಕಟ್ಟೇ! ಯಾರ್ರೀ ಇಳ್ಯೋರು?" ಎಂದು ಕೂಗಿದ. ಯಾರೂ ಇಳಿಯಲಿಲ್ಲ. ಹತ್ತಿದ ಪುಟ್ಟಗೌರಮ್ಮ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ಇನ್ನೊಂದ್ಸಲ ಕೂಗಪ್ಪಾ."

"ಯಾಕಮ್ಮ?"

"ನಮ್ಮ ಮುತ್ತಜ್ಜಿ ಹೆಸ್ರು ಕಣಪ್ಪ ಅದು. ದಿನಾ ಎಷ್ಟು ಜನದ ಬಾಯಲ್ಲಿ ಓಡಾಡ್ತಾವ್ಳೆ ನೋಡು. ಈ ದಾರೀಲಿ ಯಾವ್ ಗೌಡನ ಹೆಸ್ರನ್ನಾದ್ರೂ ಹಿಂಗೆ ಕೂಗ್ತೀಯಾ ನೀನು?"

ಬಸ್ಸಿನ ಹೆಂಗಸರು ಗೊಳ್ಳೆಂದರು. ಕಂಡಕ್ಟರು ಒಳ್ಳೆಯವನು. ಹೊರಗೆ ತಲೆ ಹಾಕಿ ಖಾಲಿ ರಸ್ತೆಗೆ ಗಟ್ಟಿಯಾಗಿ ಕೂಗಿದ. ಮುಂದಿನ ಊರು ಬರುವಷ್ಟರಲ್ಲಿ ಕಟ್ಟೆಯ ಕಥೆ ಡ್ರೈವರನ ತನಕ ಮುಟ್ಟಿತ್ತು.

ಮುಂದಿನ ಗೌರಿಹಬ್ಬದಲ್ಲಿ ಕ್ಯಾತನಹಳ್ಳಿಯ ಬೀದಿಗೆ ಒಂದು ಆಟೋ ಬಂತು. ಬೈರಮ್ಮ, ಚಿಕ್ಕಸ್ವಾಮಿ, ಜೊತೆ ಮೊರ. ಒಳಗೆ ಅರಿಶಿನ, ಕುಂಕುಮ, ಬಳೆ, ಅಕ್ಕಿ, ಬೇಳೆ, ಬೆಲ್ಲ, ರವಿಕೆ ಕಣ. ಚಿಕ್ಕಸ್ವಾಮಿ ಹೊಸ ಪಂಚೆ ಉಟ್ಟು ತಮ್ಮನ ಗತ್ತಿನಲ್ಲಿ ಮೊರ ಹಿಡಿದು ನಿಂತ. ನಾಗರಾಜು ಡೇರಿ ಕಟ್ಟೆಗೆ ಹೋದವನು ಅಲ್ಲಿದ್ದವರನ್ನೆಲ್ಲ ಕರಕೊಂಡು ಬಂದ. "ನಮ್ಮನೆಯೋಳ ಮುತ್ತಜ್ಜಿ ಊರಿಗೇ ನೀರು ಕೊಟ್ಟೋಳು ಕಣ್ರಪ್ಪ. ಬಸ್ಸು ನಿಲ್ತದೆ ಅಲ್ಲಿ, ಬಸ್ಸು!" ಎಂದು ಅವನೇ ಹೇಳತೊಡಗಿದ. ಸೆರಗೊಡ್ಡಿ ಬಾಗಿನ ಇಸಕೊಂಡ ಪುಟ್ಟಗೌರಮ್ಮನಿಗೆ ಮೊದಲ ಸಲ ಗಂಟಲು ಕೈಕೊಟ್ಟಿತು. ಎಲ್ಲರಿಗೂ ಅದೇ ಆಶ್ಚರ್ಯ.

ಆಮೇಲೆ ಊರ ಹೆಂಗಸರು ಸುಮ್ಮನಿರಲಿಲ್ಲ. ನಮ್ಮವ್ವ ಸಂತೇಬಾಚಹಳ್ಳಿ ಕಡೆಯವಳು, ಅವ್ರವ್ವ ಎಲ್ಲಿಯೋ ಎಂದು ಒಬ್ಬಳು ಬಂದಳು. ನಮ್ಮದು ಮೇಲುಕೋಟೆ ತಪ್ಪಲು ಎಂದು ಇನ್ನೊಬ್ಬಳು. ಪುಟ್ಟಗೌರಮ್ಮ ಎಲ್ಲರಿಗೂ ಹೇಳುವುದು ಒಂದೇ. ಮೊದಲು ಮನೆಯ ಹಿರೇ ಹೆಂಗಸಿನ ಕಾಲ ಬಳಿ ಕೂತು ಅವಳು ಬಯ್ಯುತ್ತಿದ್ದ ಬೈಗುಳವನ್ನೂ ಬಿಡದೆ ಕೇಳು. ಆಮೇಲೆ ಬಸ್ಸು ಹತ್ತು. ಇಳಿದ ಊರಲ್ಲಿ ಸೊಪ್ಪಿನವಳನ್ನೋ ಬಳೆಯವಳನ್ನೋ ಹಿಡಿ. ಅವಸರ ಮಾಡಬೇಡ. ದಿವ್ಯಳೂ ತನ್ನ ಅಮ್ಮಮ್ಮನ ತವರು ಹುಡುಕಿದಳು. ಮೂರು ಸಲ ಹೋಗಿಯೂ ಸಿಗಲಿಲ್ಲ, ಇನ್ನೂ ಹೋಗುತ್ತಾಳೆ.

ಪುಟ್ಟಗೌರಮ್ಮ ಬೆಳ್ಳೂರಿನಲ್ಲಿ ಉಳಿದ ಕೈಗೆ ಬಳೆ ಹಾಕಿಸಿಕೊಂಡ ದಿನ ದಿಲ್ಷಾದ್ ಮೆಲ್ಲಗೆ ಕೇಳಿದ್ದಳು: "ಅಕ್ಕಾ, ನಮ್ಮ ಅಮ್ಮಿಯ ಅಮ್ಮಿ ಪಟ್ಟಣದೋರು ಅಂತಾರೆ. ಶ್ರೀರಂಗಪಟ್ಟಣ ನಿಮ್ಮ ಸೀಮೆ ಅಲ್ವಾ?"

"ನಮ್ದೇ. ಯಾವಾಗ ಬತ್ತೀಯೆ?"

ದಿಲ್ಷಾದಳಿಗೆ ಗೊತ್ತಿದ್ದಿದ್ದು ಇಷ್ಟೇ: ಅಜ್ಜಿಯ ಹೆಸರು ಆತಿಯಾ, ಮನೆ ಮುಂದೆ ಬೇವಿನ ಮರ, ಹೊಳೆಯ ಸದ್ದು ಕೇಳುವಷ್ಟು ಹತ್ತಿರ. ಹೋದ ಭಾನುವಾರ ಇಬ್ಬರೂ ಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ದಿಲ್ಷಾದ್ ಕೋಟೆ ಕಡೆ ನೋಡುತ್ತಾ, ಇಷ್ಟು ದೊಡ್ಡ ಊರಲ್ಲಿ ಯಾರನ್ನು ಕೇಳುವುದು ಎಂದು ಹಿಂಜರಿದಳು. ಪುಟ್ಟಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಸೀದಿ ಬೀದಿಯ ಮೂಲೆಯಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದ ಮುದುಕಿಯ ಪಕ್ಕ ಹೋಗಿ ಆಗಲೇ ಕುಕ್ಕರುಗಾಲಲ್ಲಿ ಕೂತಿದ್ದಳು.